ಮೂರು ಸಲ ಬ್ಯಾಡ

ಸುರಪುರದ ನಮ್ಮ ಮನೆಯಲ್ಲಿ ಮಕ್ಕಳು ‘ಅವ್ವ’ ಆದ ಮೇಲೆ ಕಲಿಯುವ ಮಾತು ‘ಬ್ಯಾಡ’. ಯಾರ ಮನೆಗೆ ಹೋದರೂ, ಏನು ಕೊಟ್ಟರೂ ಮೊದಲು ಬ್ಯಾಡ ಅನ್ನಬೇಕು. ಅವರು ಮತ್ತೆ ಕೇಳುತ್ತಾರೆ. ಆಗಲೂ ಬ್ಯಾಡ ಅನ್ನಬೇಕು, ಆದರೆ ದನಿ ಕೊಂಚ ಮೆತ್ತಗಿರಬೇಕು. ಮೂರನೆಯ ಸಲ ತಾಟಿನ ಮೇಲೆ ಕೈ ಅಡ್ಡ ಹಿಡಿದು “ಬ್ಯಾಡ್ರಿ, ಬ್ಯಾಡ್ರಿ” ಅನ್ನುತ್ತಿರುವಾಗಲೇ ಬೆರಳ ಸಂದಿಯಿಂದ ಹೋಳಿಗೆ ಇಳಿಯುತ್ತದೆ. ಅದರ ಹಿಂದೆಯೇ ತುಪ್ಪ, ಅರ್ಧ ತಾಟಿಗೆ, ಅರ್ಧ ಮುಂಗೈಗೆ. ಮುಂಗೈ ಜಿಡ್ಡಾಗದೆ ಎದ್ದವರನ್ನು ಉಂಡವರೆಂದೇ ನಮ್ಮ ಕಡೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇಳಿದ ಕೂಡಲೇ “ಹಾಕ್ರಿ” ಅಂದವರಿಗೆ ಬೇರೆ ಹೆಸರಿದೆ. ಅವರು ಬರಗೆಟ್ಟವರು.

ಈ ವಿದ್ಯೆಯಲ್ಲಿ ನಮ್ಮ ಮನೆತನಕ್ಕೆ ಗುರು ಎಂದರೆ ದೇವಾಪುರದ ಅತ್ತೆ, ನನ್ನ ಅಪ್ಪನ ಅಕ್ಕ. ಬೆಳಗಿನ ಬಸ್ಸಿಗೆ ಏನೂ ತಿನ್ನದೆ ಬಂದು ಇಳಿದರೂ ಹೊಸ್ತಿಲು ದಾಟುವ ಮುಂಚೆಯೇ “ಈಗ ಉಂಡ ಬಂದೀನಿ, ನಂಗೇನೂ ಬ್ಯಾಡ” ಎಂದು ಸಾರಿಬಿಡುತ್ತಿದ್ದಳು. ಆಮೇಲೆ ಅವ್ವ ಬೇಡಿಕೊಳ್ಳಬೇಕು, ಅಪ್ಪ ಬೇಡಿಕೊಳ್ಳಬೇಕು, ನಾನು ಸೆರಗು ಹಿಡಿದು ಎಳೆಯಬೇಕು. ಅನ್ನ ಆರಿ ತಣ್ಣಗಾಗುವ ತನಕ ಈ ನಾಟಕ ನಡೆದು ಕೊನೆಗೆ ಕೂತಳೆಂದರೆ ಎಲ್ಲರಿಗಿಂತ ಒಂದು ರೊಟ್ಟಿ ಹೆಚ್ಚೇ ಉಂಡು ಏಳುತ್ತಿದ್ದಳು. ಬಡಿಸಲು ನಿಂತರಂತೂ ಇನ್ನೂ ಜೋರು. ಸಕ್ಕರೆ ಕಾಯಿಲೆಯವರು, ಹೊಟ್ಟೆ ಕೆಟ್ಟವರು, ಉಪವಾಸದವರು, ಯಾರ ಬ್ಯಾಡವೂ ಅವಳ ಕಿವಿಗೆ ಹೋಗುತ್ತಿರಲಿಲ್ಲ. ನನ್ನ ಸೋದರಮಾವನೊಬ್ಬ ಅವಳ ಮನೆಯಲ್ಲಿ ಹಬ್ಬದೂಟ ಮಾಡಿ, ವಾಪಸ್ ಬರುವಾಗ ಬಸ್ಸಿನ ಕಿಟಕಿಯಿಂದ ಅಷ್ಟನ್ನೂ ಹೊರಗೆ ಹಾಕಿದ. “ನೋಡ್ರಿ, ಎಷ್ಟು ಉಣಿಸಿದ್ದೆ” ಎಂದು ಅತ್ತೆ ಅದನ್ನೂ ತನ್ನ ಹೆಗ್ಗಳಿಕೆಗೇ ಸೇರಿಸಿಕೊಂಡಳು.

ಊಟದ ಈ ಕಾನೂನನ್ನೇ ಅವಳು ಲಗ್ನಕ್ಕೂ ಹಚ್ಚುತ್ತಿದ್ದಳು. ಹಿರಿಯ ಮಗನಿಗೆ ಹೆಣ್ಣು ನೋಡಲು ಶಹಾಪುರಕ್ಕೆ ಹೋದಾಗ ನಾವೂ ಒಂದು ಟಂಟಂ ಆಟೋ ತುಂಬ ಜನ ಹೋಗಿದ್ದೆವು. ಹುಡುಗಿ ಚಹಾ ಕೊಟ್ಟು ಎದುರಿಗೆ ಕೂತಳು. ಓದಿದ್ದಳು, ಲಕ್ಷಣವಾಗಿದ್ದಳು, ಚಹಾ ಕೂಡ ಚೆನ್ನಾಗಿತ್ತು. ಅತ್ತೆ ಪ್ರೀತಿಯಿಂದ ಅವಳ ಗದ್ದ ಹಿಡಿದು, “ನಮ್ಮನಿಗೆ ಬರ್ತೀಯೇನವಾ?” ಎಂದು ಕೇಳಿದಳು. ಹುಡುಗಿ ತಲೆ ಎತ್ತಿ, ಅತ್ತೆಯ ಮುಖವನ್ನೇ ನೋಡಿ, “ಬರ್ತೀನ್ರಿ” ಅಂದಳು.

ಅಲ್ಲಿಗೆ ಮುಗಿಯಿತು. ಟಂಟಂ ಹತ್ತಿಗುಡೂರು ದಾಟುವುದರೊಳಗೆ ಅತ್ತೆ ತೀರ್ಪು ಕೊಟ್ಟಾಗಿತ್ತು. “ಕೇಳಿದ ಕೂಡ್ಲೇ ಹ್ಞೂಂ ಅಂತಾಳ. ಶರಮ್ ಇಲ್ಲ, ನಾಚಿಕಿ ಇಲ್ಲ. ಆ ಹುಡುಗ್ಯಾಗ ಏನೋ ಐಬದ.” ಏನು ಐಬು, ಎಂಥ ಕೊರತೆ ಎಂದು ಯಾರೂ ಕೇಳಲಿಲ್ಲ. ಟಂಟಂನಲ್ಲಿದ್ದವರೆಲ್ಲ ಹೌದ್ಹೌದು ಎಂದು ತಲೆ ಆಡಿಸಿದೆವು.

ನಾನು ಓದಿದ್ದು ಮಣ್ಣಿನ ವಿಷಯ. ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆಯ ಕೆಲವು ಹೊಲಗಳಲ್ಲಿ ಉಪ್ಪು ಮೇಲೆದ್ದು ನೆಲ ಬೆಳ್ಳಗಾಗಿದೆ. ಅದಕ್ಕೆ ಸವಳು ಅನ್ನುತ್ತೇವೆ. ಆ ಸವಳನ್ನೇ ಹಿಡಿದುಕೊಂಡು ಅರ್ಜಿ ಹಾಕಿದ್ದಕ್ಕೆ ಲಂಡನ್ನಿನಲ್ಲಿ ಓದಲು ಸ್ಕಾಲರ್‌ಶಿಪ್ ಸಿಕ್ಕಿತು. ಉಪ್ಪು ನೋಡುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ನಮ್ಮ ಹೊಲಕ್ಕೆ ಬಂದರೆ ಪುಕ್ಕಟೆ ತೋರಿಸುತ್ತಿದ್ದೆವಲ್ಲ ಎಂದು ಊರಿನ ಹಿರಿಯರು ಕೇಳಿದರು. ಅತ್ತೆ ಮಾತ್ರ ತಕರಾರು ತೆಗೆಯಲಿಲ್ಲ. “ಹೋಗಿ ಬರ್ಲಿ. ಬರೂದ್ರಾಗ ನಾ ಎಲ್ಲಾ ತಯಾರಿ ಮಾಡಿ ಇಡ್ತೀನಿ” ಅಂದಳು. ತಯಾರಿ ಎಂದರೆ ತನ್ನ ಕಿರಿಯ ಮಗನ ಜೊತೆ ನನ್ನ ಲಗ್ನ.

ಅವನು ಕಡೇಚೂರಿನ ಕಡೆ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಕೆಟ್ಟವನೇನಲ್ಲ. ಚಿಕ್ಕಂದಿನಲ್ಲಿ ಒಟ್ಟಿಗೆ ಆಡಿ, ಒಬ್ಬರ ಮೂಗು ಒಬ್ಬರು ಒಡೆದುಕೊಂಡವರು ನಾವು. ಅವನನ್ನು ಗಂಡ ಎಂದು ನೆನೆಸಿಕೊಂಡರೆ ನನಗೆ ಮೊದಲು ನಗು ಬರುತ್ತಿತ್ತು. ನಗು ನಿಂತ ಮೇಲೆ ಹೆದರಿಕೆ ಬರುತ್ತಿತ್ತು, ಯಾಕೆಂದರೆ ನಮ್ಮ ಮನೆಯಲ್ಲಿ ಅತ್ತೆ ಆಡಿದ್ದು ಆಗದೆ ಇದ್ದ ಉದಾಹರಣೆ ಇರಲಿಲ್ಲ. ಯಾದಗಿರಿಯ ಕಚೇರಿಯಲ್ಲಿ ಗುಮಾಸ್ತರನ್ನೆಲ್ಲ ನಡುಗಿಸುವ ನನ್ನ ಅಪ್ಪ, ಅಕ್ಕ ಬಂದಳೆಂದರೆ ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ನನಗೆ ಈ ಲಗ್ನ ಬೇಡವಾಗಿತ್ತು. ರೀತಿಗೆ, ರಿವಾಜಿಗೆ ಅನ್ನುವ ಬೇಡವಲ್ಲ, ಖರೇ ಬೇಡವಾಗಿತ್ತು.

ಹೊರಡುವ ದಿನ ಅತ್ತೆ ನನ್ನ ಬ್ಯಾಗಿಗೆ ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ತುರುಕುತ್ತ, “ನನ್ನ ಸೊಸಿ ಅಲ್ಲಿ ಹೋಗಿ ಉಪವಾಸ ಬೀಳಬಾರ್ದು” ಅಂದಳು.

“ಬ್ಯಾಡ ಅತ್ತಿ” ಅಂದೆ.

ಅತ್ತೆ ನಕ್ಕಳು. ನಾನು ಬ್ಯಾಡ ಅಂದದ್ದು ರೊಟ್ಟಿಗೋ ಮಗನಿಗೋ ಎಂದು ಕೂಡ ಕೇಳಲಿಲ್ಲ. ಎರಡನ್ನೂ ಒಂದೇ ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

ಯಾದಗಿರಿಯಿಂದ ರೈಲು, ಹೈದರಾಬಾದಿನಿಂದ ವಿಮಾನ. ರೊಟ್ಟಿಯ ಬ್ಯಾಗು ವಿಮಾನದ ಹೊಟ್ಟೆಗೆ ಹೋಯಿತು, ನನ್ನ ಹೊಟ್ಟೆ ಖಾಲಿ ಉಳಿಯಿತು. ಅಳುವ ಗದ್ದಲದಲ್ಲಿ ಬೆಳಗಿನಿಂದ ಒಂದು ತುತ್ತು ಇಳಿದಿರಲಿಲ್ಲ. ಗಗನಸಖಿ ಊಟದ ಗಾಡಿ ತಳ್ಳಿಕೊಂಡು ನನ್ನ ಹತ್ತಿರ ಬಂದಳು. ನಗುತ್ತ, ಬಗ್ಗಿ, ಊಟ ಕೊಡಲೇ ಎಂದು ಕೇಳಿದಳು. ನಾನೂ ನಗುತ್ತ, ಬೇಡ ಅಂದೆ. ಅವಳು ಸರಿ ಎಂದು ಹಿಂದಿನ ಸಾಲಿಗೆ ಹೋದಳು!

ನಾನು ಕತ್ತು ತಿರುಗಿಸಿ ನೋಡಿದೆ. ಹಿಂದಿನ ಸಾಲಿನಿಂದ ತಿರುಗಿ ಬಂದು ಇನ್ನೊಮ್ಮೆ ಕೇಳುತ್ತಾಳೆ ಎಂದುಕೊಂಡಿದ್ದೆ. ನಮ್ಮ ಅತ್ತೆಯಾಗಿದ್ದರೆ ಗಾಡಿಯನ್ನು ಅಲ್ಲೇ ಬಿಟ್ಟು, ನನ್ನ ಪಕ್ಕದ ಸೀಟಿನವನನ್ನು ಎಬ್ಬಿಸಿ ತಾನು ಕೂತು ತುತ್ತು ಮಾಡಿ ತಿನ್ನಿಸುತ್ತಿದ್ದಳು. ಈ ಮಹಾತಾಯಿ ಗಾಡಿ ಖಾಲಿ ಮಾಡಿಕೊಂಡು ಪರದೆಯ ಹಿಂದೆ ಮಾಯವಾದಳು. ಪಕ್ಕದವನು ಬೆಣ್ಣೆಯ ಪುಟ್ಟ ಪೊಟ್ಟಣವನ್ನು ಬಿಡಿಸಿ ಬನ್ನಿಗೆ ಸವರಿಕೊಂಡು, ಕಣ್ಣು ಮುಚ್ಚಿ ತಿಂದ. ಅವನ ಮೇಲೆ ನನಗೆ ಬಂದಷ್ಟು ಸಿಟ್ಟು ಆಮೇಲೆ ಯಾವ ಗಂಡಸಿನ ಮೇಲೂ ಬಂದಿಲ್ಲ.

ಲಂಡನ್ನಿನ ಬಗ್ಗೆ ಹೋದವರೆಲ್ಲ ಬರೆಯುತ್ತಾರೆ, ನಾನು ಹೆಚ್ಚು ಬರೆಯುವುದಿಲ್ಲ. ಆಕಾಶ ಸದಾ ಹಿಂಡದ ಬಟ್ಟೆಯಂತೆ ತೊಟ್ಟಿಕ್ಕುತ್ತಿತ್ತು. ನೆಲದೊಳಗಿನ ರೈಲಿನಲ್ಲಿ ಜನ ಮೈಗೆ ಮೈ ತಾಗಿಸಿ ನಿಂತು, ಒಬ್ಬರ ಮುಖ ಒಬ್ಬರು ನೋಡದೆ ಅದು ಹೇಗೋ ಊರು ತಲುಪುತ್ತಿದ್ದರು. ನಮ್ಮ ಸುರಪುರದ ಬಸ್ಸಾಗಿದ್ದರೆ ಅಷ್ಟು ಹೊತ್ತಿಗೆ ಯಾರ ಮಗಳು, ಎಲ್ಲಿಗೆ ಹೊರಟೆ, ಲಗ್ನ ಆಗಿದೆಯೇ, ಆಗಿಲ್ಲವಾದರೆ ಯಾಕೆ ಎಂಬುದೆಲ್ಲ ಇತ್ಯರ್ಥವಾಗಿರುತ್ತಿತ್ತು. ಯಾರೂ ಏನೂ ಕೇಳದ ಆ ಊರು ಮೊದಲ ವಾರ ನನಗೆ ಸ್ವರ್ಗವಾಗಿ ಕಂಡಿತು. ಎರಡನೆಯ ವಾರದಿಂದ, ಯಾರಾದರೂ ಏನಾದರೂ ಕೇಳಬಾರದೇ ಅನ್ನಿಸತೊಡಗಿತು.

ಒಂದು ಕ್ಷೌರದಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಕೋಣೆ. ಪಕ್ಕದ ಕೋಣೆಯಲ್ಲಿ ಹಾಲೆಂಡಿನಿಂದ ಬಂದ ಹುಡುಗಿ. ಅಡುಗೆಮನೆ ಇಬ್ಬರಿಗೂ ಒಂದೇ. ಮೊದಲ ಸಂಜೆಯೇ ಅವಳು ದೊಡ್ಡ ಪಾತ್ರೆಯಲ್ಲಿ ಬಟಾಣಿಯ ಸೂಪ್ ಮಾಡಿದ್ದಳು. ಮನೆಯೆಲ್ಲ ಘಮಘಮ. “ಕುಡಿಯುತ್ತೀಯಾ?” ಎಂದಳು. ಬೇಡ, ಬೇಡ, ಅಂದೆ. “ಸರಿ” ಎಂದು ತನಗೊಬ್ಬಳಿಗೇ ಬಟ್ಟಲಲ್ಲಿ ಹಾಕಿಕೊಂಡು ಕೂತಳು.

ಎರಡನೆಯ ಸಲ ಕೇಳಲು ಅವಳಿಗೆ ಅನುಕೂಲವಾಗಲಿ ಎಂದು ನಾನು ಅಲ್ಲೇ ಸುಳಿದಾಡಿದೆ. ಲೋಟ ತೊಳೆದೆ. ತೊಳೆದ ಲೋಟವನ್ನು ಮತ್ತೆ ತೊಳೆದೆ. ಪಾತ್ರೆಯ ಕಡೆ ನೋಡಿ, ತುಂಬ ಮಾಡಿದ್ದೀಯಲ್ಲ ಅಂದೆ. “ಹೌದು, ನಾಳೆಗೂ ಆಗುತ್ತದೆ” ಎಂದು ಮುಚ್ಚಳ ಮುಚ್ಚಿದಳು. ನಾನು ಕೋಣೆಗೆ ಹೋಗಿ ಕಡಕ್ ರೊಟ್ಟಿ ಮುರಿದು ತಿಂದೆ. ಹಿಂಡಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎಂದು ನನಗೆ ನಾನೇ ಹೇಳಿಕೊಂಡೆ. ಖಾರಕ್ಕಲ್ಲ, ಯಾರಿಗೂ ಬೇಡವಾದವಳಂತೆ ಅನ್ನಿಸಿ ಬಂದ ನೀರು ಅದು.

ಸೂಪ್ ಹೋದರೆ ಹೋಯಿತು. ಅದಕ್ಕಿಂತ ದೊಡ್ಡದು ಕಾಲೇಜಿನಲ್ಲಿ ಹೋಯಿತು. ನಮ್ಮ ಪ್ರೊಫೆಸರಮ್ಮ ಸಮುದ್ರದಂಚಿನ ಉಪ್ಪು ನೆಲವನ್ನು ತೋರಿಸಲು ಕೆಲವರನ್ನು ವ್ಯಾನಿನಲ್ಲಿ ಕರೆದೊಯ್ಯುವವರಿದ್ದರು. ನಾನು ಅಷ್ಟು ದೂರ ಹೋದದ್ದೇ ಅಂಥ ನೆಲ ನೋಡಲು. ತರಗತಿ ಮುಗಿದ ಮೇಲೆ ಅವರೇ ನನ್ನ ಹತ್ತಿರ ಬಂದು, “ಒಂದು ಸೀಟು ಉಳಿದಿದೆ, ನೀನು ಬರುತ್ತೀಯಾ?” ಎಂದರು. ನನ್ನ ಎದೆ ಹಿಗ್ಗಿ ಹೋಯಿತು. ಬಾಯಿ ಮಾತ್ರ ದೇವಾಪುರದ ಶಾಲೆಯಲ್ಲಿ ಪಳಗಿದ ಬಾಯಿ. “ಅಯ್ಯೋ ಬೇಡ ಮೇಡಂ, ಬೇರೆಯವರು ಯಾರಾದರೂ ಹೋಗಲಿ” ಅಂದುಬಿಟ್ಟಿತು. ಅವರು ಮರುಮಾತಿಲ್ಲದೆ ತಲೆ ಆಡಿಸಿ, ನನ್ನ ಹಿಂದೆ ಕೂತಿದ್ದ ಹುಡುಗನನ್ನು ಕೇಳಿದರು. ಅವರ ವಾಕ್ಯ ಮುಗಿಯುವ ಮುಂಚೆಯೇ ಅವನು ಹ್ಞೂಂ ಅಂದಿದ್ದ. ಬರಗೆಟ್ಟವನು!

ವ್ಯಾನು ಹೋದ ದಿನ ನಾನು ಲೈಬ್ರರಿಯಲ್ಲಿ ಕೂತು ಉಪ್ಪು ನೆಲದ ಚಿತ್ರ ನೋಡಿದೆ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ತಪ್ಪು ಆ ಜನರದು ಎಂದೇ ನಂಬಿದ್ದೆ. ಇವರಿಗೆ ಉಪಚಾರ ಗೊತ್ತಿಲ್ಲ, ನಾನೇ ಕಲಿಸುತ್ತೇನೆ ಎಂದು ಒಂದು ಭಾನುವಾರ ಹಾಲೆಂಡಿನ ಹುಡುಗಿಯನ್ನು ಊಟಕ್ಕೆ ಕೂರಿಸಿದೆ. ರೊಟ್ಟಿ, ಹಿಂಡಿ, ಮೊಸರು, ಅಲ್ಲಿ ಸಿಕ್ಕ ಗುಂಡು ಬದನೆಕಾಯಿಯ ಪಲ್ಯ. ಒಂದು ರೊಟ್ಟಿ ತಿಂದು ಅವಳು ಸಾಕು, ಇನ್ನು ಬೇಡ ಅಂದಳು. ಇನ್ನೊಂದು ಹಾಕಿದೆ. ಬೇಡ ಅಂದಳು. ಹಿಂಡಿ ಹಾಕಿದೆ. ಬೇಡ ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದಳು. ಅಬ್ಬಾ, ಕೈ ಅಡ್ಡ ಹಿಡಿಯುವುದು ಇವರಿಗೂ ಬರುತ್ತದೆಯಲ್ಲ ಎಂದು ನನಗೆ ಆನಂದವೇ ಆನಂದ. ಬೆರಳ ಸಂದಿಯಿಂದ ಪಲ್ಯ ಇಳಿಸಿದೆ. ಅವಳು ಮೂಗು ಕೆಂಪಗೆ ಮಾಡಿಕೊಂಡು, ಕಣ್ಣೊರೆಸಿಕೊಳ್ಳುತ್ತ ಅಷ್ಟನ್ನೂ ತಿಂದಳು. ತಿಂದು ಮುಗಿಸಿ ತಾಟು ಪಕ್ಕಕ್ಕಿಟ್ಟು ನನ್ನನ್ನು ನೆಟ್ಟಗೆ ನೋಡಿದಳು.

“ನಾನು ಬೇಡ ಅಂದೆ. ಮೂರು ಸಲ ಅಂದೆ. ನಿನಗೆ ಕೇಳಿಸಲಿಲ್ಲವೇ?”

“ಕೇಳಿಸಿತು” ಅಂದೆ. “ಅದಕ್ಕೇ ಹಾಕಿದೆ.”

ಅವಳಿಗೆ ನಮ್ಮ ಪದ್ಧತಿಯನ್ನು ವಿವರವಾಗಿ ಹೇಳಿದೆ. ಅತ್ತೆಯ ಕತೆ, ಸೋದರಮಾವನ ಬಸ್ಸಿನ ಕತೆ, ಸೂಪಿನ ಪಾತ್ರೆಯ ಮುಂದೆ ನಾನು ಲೋಟ ತೊಳೆದ ಕತೆ. ಅವಳು ನಗಲಿಲ್ಲ. ಲೆಕ್ಕದ ಮೇಷ್ಟರಂತೆ ಒಂದೇ ಪ್ರಶ್ನೆ ಕೇಳಿದಳು.

“ಹಾಗಾದರೆ ನಿಮ್ಮಲ್ಲಿ ನಿಜವಾಗಿ ಬೇಡವಾದವರು ಏನು ಹೇಳುತ್ತಾರೆ?”

ಎಷ್ಟು ತಡಕಾಡಿದರೂ ಅಂಥ ಒಂದು ಮಾತು ನನಗೆ ಸಿಗಲಿಲ್ಲ. ಅದೇ ಹೊತ್ತಿಗೆ ದೇವಾಪುರದ ಅತ್ತೆ, ಅವಳ ಲಗ್ನದ ತಯಾರಿ ನೆನಪಾಯಿತು.

ಆ ವಾರವೇ ಮನೆಯಿಂದ ವಿಡಿಯೊ ಕರೆ ಬಂತು. ಸುರಪುರದ ನಮ್ಮ ಪಡಸಾಲೆಯಲ್ಲಿ ಅತ್ತೆ ನಡುವೆ ಕೂತಿದ್ದಳು, ಅಪ್ಪ ಒಂದು ಪಕ್ಕ, ಅವ್ವ ಬಾಗಿಲ ಹತ್ತಿರ. ಅತ್ತೆ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ವಿಷಯಕ್ಕೆ ಬಂದಳು.

“ದಸರಾ ಆದ ಮ್ಯಾಲ ಒಂದ್ ಒಳ್ಳೆ ದಿನ ನೋಡಿ ಸಕ್ಕರಿ ಹಂಚಿ ಮಾತು ಗಟ್ಟಿ ಮಾಡಿಬಿಡೂಣು. ನೀ ಬರೂದ್ ಬ್ಯಾಡ, ಫೋನಿನ್ಯಾಗೇ ಮುಗಿಸ್ತೀವಿ.”

“ಬ್ಯಾಡ ಅತ್ತಿ, ನಂಗ ಈ ಲಗ್ನ ಬ್ಯಾಡ” ಅಂದೆ.

“ನೋಡು, ಹೆಂಗ ನಾಚ್ತಾಳ!” ಎಂದು ಅತ್ತೆ ಅಪ್ಪನ ಕಡೆ ತಿರುಗಿದಳು.

“ನಾಚಿಕಿ ಅಲ್ರಿ. ಖರೇನ ಬ್ಯಾಡ.”

“ಹಂಗ ಅನಬೇಕವಾ, ಅಂದ್ರನ ಚಂದ.”

ನನಗೆ ರೇಗಿತು. “ನಂಗ ಬ್ಯಾಡಂದ್ರ ಬ್ಯಾಡ!” ಎಂದು ಕೂಗಿದೆ. ಕೆಳಗಿನ ಕ್ಷೌರದಂಗಡಿಗೂ ಕೇಳಿಸಿರಬೇಕು.

ಅತ್ತೆ ತೊಡೆ ತಟ್ಟಿ ನಕ್ಕಳು. “ಮೂರ್ ಸಲ ಅಂದ್ಲು! ಆತಿನ್ನ. ಹುಡುಗಿ ಒಪ್ಯಾಳ.”

ಬಾಗಿಲ ಹತ್ತಿರ ಇದ್ದ ಅವ್ವ ಒಳಗೆ ಎದ್ದು ಹೋದದ್ದು ಕಂಡಿತು. ಯಾವಾಗಲೂ ಹಾಗೇ. ಅತ್ತೆ ಮಾತಾಡುವಾಗ ಅವ್ವನಿಗೆ ಒಳಗೆ ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು.

ಮರುದಿನ ಅಪ್ಪ ಕಚೇರಿಯಲ್ಲಿರುವ ಹೊತ್ತು ನೋಡಿ ಫೋನ್ ಮಾಡಿದೆ. ಅಲ್ಲಾದರೂ ಅಕ್ಕನ ನೆರಳು ಇರುವುದಿಲ್ಲ ಎಂಬ ಆಸೆ. “ಅಪ್ಪಾ, ನಾ ಸುಮ್ ಸುಮ್ನ ಅಂದಿಲ್ಲ. ನಂಗ ಖರೇನ ಬ್ಯಾಡ.”

ಅಪ್ಪ ಮೆತ್ತಗೆ ನಕ್ಕ. “ಎಲ್ಲಾ ಹುಡುಗ್ಯಾರೂ ಹಿಂಗ ಅಂತಾರವಾ. ನಿಮ್ಮವ್ವನೂ ಅಂದಿದ್ಲು. ಈಗ ನೋಡು, ಹೆಂಗ ಸಂಸಾರ ಮಾಡ್ಯಾಳ.” ಯಾರೋ ಸಹಿಗೆ ಬಂದಿರಬೇಕು, ಆಮೇಲೆ ಮಾತಾಡ್ತೀನಿ ಎಂದು ಇಟ್ಟುಬಿಟ್ಟ.

ಆ ದಿನಗಳಲ್ಲಿ ನಾನು ಓದಿದ್ದೊಂದೂ ತಲೆಗೆ ಹೋಗಲಿಲ್ಲ. ನನ್ನ ಸ್ಥಿತಿ ನನಗೇ ತಮಾಷೆಯಾಗಿತ್ತು, ಸಿಟ್ಟೂ ಬರುತ್ತಿತ್ತು. ಈ ಊರಿನಲ್ಲಿ ನಾನು ಸುಳ್ಳು ಬೇಡ ಅಂದರೆ ಎಲ್ಲರೂ ನಂಬಿ ನನ್ನನ್ನು ಉಪವಾಸ ಕೆಡವುತ್ತಿದ್ದರು. ನನ್ನ ಊರಿನಲ್ಲಿ ಖರೇ ಬೇಡ ಅಂದರೆ ಎಲ್ಲರೂ ನಕ್ಕು ನನಗೆ ಗಂಡನನ್ನು ಬಡಿಸುತ್ತಿದ್ದರು. ಹೇಳಿದಷ್ಟೂ ಉರುಲು ನನಗೇ ಬಿಗಿಯುತ್ತಿತ್ತು. ಹತ್ತು ಸಲ ಬ್ಯಾಡ ಅಂದರೆ ಹತ್ತು ಪಟ್ಟು ನಾಚಿಕೆಯ ಹುಡುಗಿ ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದಳು. ಊಟ ಬಿಡುತ್ತೇನೆ ಎಂದರೆ ಯಾರು ನಂಬಿಯಾರು? ಊಟ ಬೇಡ ಅನ್ನುವುದೇ ನಮ್ಮಲ್ಲಿ ಊಟದ ಮೊದಲ ತುತ್ತು.

ಹಾಲೆಂಡಿನ ಹುಡುಗಿ ತನಗೆ ತಿಳಿದ ಉಪಾಯ ಹೇಳಿದಳು. “ಒಂದೇ ಸಲ ಸ್ಪಷ್ಟವಾಗಿ ಬೇಡ ಎಂದು ಹೇಳಿ ಸುಮ್ಮನಾಗು.” ಪಾಪ, ಅವಳು ನಮ್ಮ ಅತ್ತೆಯ ಕೈಯಲ್ಲಿ ಉಂಡವಳಲ್ಲ. ತನ್ನ ಬಿಸ್ಕತ್ತಿನ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದಳು. ಅವಳ ಡಬ್ಬಿಯ ಕ್ರಮ ನನಗೆ ಗೊತ್ತಾಗಿತ್ತು, ಒಂದು ಬಿಸ್ಕತ್ತು, ಒಡನೆ ಮುಚ್ಚಳ. ಅಂದು ಅವಳು ಕೇಳುವ ಮುಂಚೆಯೇ ಹ್ಞೂಂ ಎಂದು ಎರಡು ತೆಗೆದುಕೊಂಡೆ. ಅವಳ ಕೈ ಮುಚ್ಚಳದ ಮೇಲೆ ಹಾಗೇ ನಿಂತುಹೋಯಿತು. ಮುಖದಲ್ಲಿ ಒಂದು ಗಳಿಗೆ ಅಪನಂಬಿಕೆ, ಆಮೇಲೆ ಸಣ್ಣಗೆ ಅಸಹ್ಯ. ಆ ಮುಖವನ್ನು ನಾನು ಎಲ್ಲೋ ನೋಡಿದ್ದೆ. ಬಿಸ್ಕತ್ತು ಅಗಿಯುತ್ತ ಅಗಿಯುತ್ತ ನೆನಪಾಯಿತು. ಶಹಾಪುರದಲ್ಲಿ, ಆ ಹುಡುಗಿ “ಬರ್ತೀನ್ರಿ” ಅಂದಾಗ ಅತ್ತೆಯ ಮುಖ ಹೀಗೇ ಆಗಿತ್ತು.

ಸಕ್ಕರೆ ಹಂಚುವ ದಿನ ಬಂತು. ಅಲ್ಲಿ ಸಂಜೆ, ನನಗೆ ಮಧ್ಯಾಹ್ನ. ಪಡಸಾಲೆಯಲ್ಲಿ ಮಣೆ ಹಾಕಿ, ಮಣೆಯ ಮೇಲೆ ಹಸಿರು ಸೀರೆ ಹಾಸಿ, ಸೀರೆಯ ಮೇಲೆ ತಂಬಿಗೆ ಇಟ್ಟು, ತಂಬಿಗೆಗೆ ಒರಗಿಸಿ ನನ್ನನ್ನು, ಅಂದರೆ ಫೋನನ್ನು, ನಿಲ್ಲಿಸಿದ್ದರು. ಯಾರೋ ಪುಣ್ಯಾತ್ಗಿತ್ತಿ ಫೋನಿನ ನೆತ್ತಿಗೆ ಕುಂಕುಮ ಹಚ್ಚಲು ಹೋಗಿ ಕ್ಯಾಮರಾಕ್ಕೇ ಬಳಿದಳು. ಅರ್ಧ ಕಾರ್ಯಕ್ರಮ ನನಗೆ ಕೆಂಪಗೇ ಕಂಡಿತು. ಅಪ್ಪ ಹೊಸ ಅಂಗಿ ಹಾಕಿದ್ದ. ಅವ್ವ ಗೋಡೆಗೆ ಒರಗಿ ನಿಂತಿದ್ದಳು. ಮದುಮಗ ಹಿಂದೆ ನಿಂತು ತನ್ನ ಫೋನಿನಲ್ಲಿ ಏನನ್ನೋ ನೋಡುತ್ತಿದ್ದ. ಅವನಿಗೆ ಈ ಲಗ್ನ ಬೇಕೋ ಬೇಡವೋ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಇತ್ತ ನನ್ನ ಎದುರಿಗೆ ಹಾಲೆಂಡಿನ ಹುಡುಗಿ ಚಹಾದ ಲೋಟ ಹಿಡಿದು, ಒಂದಕ್ಷರ ತಿಳಿಯದಿದ್ದರೂ ಉಸಿರು ಬಿಗಿಹಿಡಿದು ಕೂತಿದ್ದಳು.

ಅತ್ತೆ ಬಟ್ಟಲಿನಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ಫೋನಿನ ಮುಂದೆ ಹಿಡಿದಳು. ದನಿಯಲ್ಲಿ ಅದೇ ಪ್ರೀತಿ, ಅದೇ ಮಾತು.

“ನಮ್ಮನಿಗೆ ಬರ್ತೀಯೇನವಾ?”

ಲೆಕ್ಕ ತಪ್ಪಿದರೆ ಮುಗಿಯಿತು, ಉಳಿದ ಆಯುಷ್ಯವೆಲ್ಲ ದೇವಾಪುರದಲ್ಲಿ ಬೆರಳ ಸಂದಿಯಿಂದ ಹೋಳಿಗೆ ಇಳಿಸಿಕೊಂಡು ಕೂರಬೇಕು.

“ಬರ್ತೀನ್ರಿ ಅತ್ತಿ” ಅಂದೆ.

ಸಕ್ಕರೆಯ ಕೈ ಅಲ್ಲೇ ನಿಂತಿತು. “ಏನಂದಿ?”

“ಬರ್ತೀನಂದೆ. ದೀಪಾವಳಿಗೇ ಲಗ್ನ ಇಟ್ಟುಬಿಡ್ರಿ. ಓದು ಹಾಳಾಗ್ಲಿ, ನಾ ಬಿಟ್ ಬರ್ತೀನಿ. ಇಲ್ಲಾಂದ್ರ ಅವನ್ನ ನಾಳೆನ ಇಲ್ಲಿಗಿ ಕಳಿಸ್ರಿ. ನಂಗ ಇನ್ ತಡಕೊಳ್ಳಾಕ ಆಗವಲ್ದು.”

ಮದುಮಗ ಆ ಸಂಜೆ ಮೊದಲ ಬಾರಿಗೆ ತಲೆ ಎತ್ತಿದ. ಹುಲಿ ಕಂಡವನಂತೆ ಇದ್ದ. ಅಪ್ಪ ಅಂಗಿಯ ಗುಂಡಿಯನ್ನು ಬಿಚ್ಚಿ ಹಾಕಿದ, ಹಾಕಿ ಬಿಚ್ಚಿದ. ಅತ್ತೆಯ ಚಿಟಿಕೆಯಿಂದ ಸಕ್ಕರೆ ಮೆಲ್ಲಗೆ ಬಟ್ಟಲಿಗೆ ವಾಪಸ್ ಉದುರಿತು. ಅವಳ ಹತ್ತಿರ ಒತ್ತಾಯದ ಮಾತುಗಳು ಬೇಕಾದಷ್ಟಿದ್ದವು, ಆದರೆ ಅವೆಲ್ಲ ಬ್ಯಾಡ ಅನ್ನುವವರಿಗಾಗಿ ಇಟ್ಟುಕೊಂಡವು. ಹ್ಞೂಂ ಅಂದವಳಿಗೆ ಏನು ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

“ಹಂಗಲ್ಲವಾ... ಇಷ್ಟ್ ಅವಸರ ಬ್ಯಾಡ” ಅಂದಳು.

“ಇಲ್ರಿ ಅತ್ತಿ, ಸಕ್ಕರಿ ಹಚ್ರಿ.”

“ಬ್ಯಾಡ, ಸ್ವಲ್ಪ ತಡಿ. ನೀ ಓದು ಮುಗಿಸು.”

“ಫೋನಿಗೇ ಹಚ್ರಿ, ನಾ ಇಲ್ಲಿಂದನ ನೆಕ್ತೀನಿ!”

“ಏ, ಬ್ಯಾಡಂದ್ನೆಲ್ಲ!” ಎಂದು ಅತ್ತೆ ಸಕ್ಕರೆಯ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಳು.

ನೋಡಿ, ಅತ್ತೆಯೂ ಮೂರು ಸಲ ಬ್ಯಾಡ ಅಂದಳು. ಅವಳದ್ದು ನಾಚಿಕೆ ಎಂದು ಆ ಪಡಸಾಲೆಯಲ್ಲಿ ಒಬ್ಬರೂ ನಗಲಿಲ್ಲ. ಮೊದಲನೆಯ ಸಲಕ್ಕೇ ಎಲ್ಲರಿಗೂ ಕೇಳಿಸಿತ್ತು. ಆರತಿಗೆ ಬಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಸರಿಮಾಡಿಕೊಂಡು ಎದ್ದರು. ಯಾರೋ ಮಣೆಯ ಮೇಲಿನ ಸೀರೆ ಮಡಚಿದರು, ಫೋನು ಬೋರಲು ಬಿತ್ತು, ನನಗೆ ಹಸಿರು ಕತ್ತಲೆ ಮಾತ್ರ ಕಂಡಿತು.

“ಏನು ಹೇಳಿದೆ ನೀನು?” ಹಾಲೆಂಡಿನ ಹುಡುಗಿ ಕೇಳಿದಳು.

“ಒಪ್ಪಿಗೆ ಅಂದೆ.”

“ನಿನಗೆ ಬೇಡವಾಗಿತ್ತಲ್ಲ!”

“ಅದಕ್ಕೇ” ಅಂದೆ. ಅವಳು ನಮ್ಮ ದೇಶವನ್ನು ಅರ್ಥ ಮಾಡಿಕೊಳ್ಳುವ ಪ್ರಯತ್ನವನ್ನು ಅವತ್ತಿಗೆ ಬಿಟ್ಟಳು.

ಎರಡೇ ದಿನದಲ್ಲಿ ದೇವಾಪುರದಿಂದ ಸುದ್ದಿ ಬಂತು, ಈ ವರ್ಷ ಕೂಡಿ ಬರುವುದಿಲ್ಲವಂತೆ, ಮುಂದಿನ ವರ್ಷದ್ದೂ ಅನುಮಾನವಂತೆ. ಒಳಗಿನ ಸುದ್ದಿ ಬೇರೆ ದಾರಿಯಲ್ಲಿ ಬಂತು. ಹುಡುಗಿ ಲಂಡನ್ನಿಗೆ ಹೋಗಿ ಕೆಟ್ಟಾಳ, ಶರಮ್ ಮಾರಿಕೊಂಡಾಳ, ಏನೋ ಐಬದ. ನನ್ನ ಮರ್ಯಾದೆ ಸುರಪುರದಿಂದ ಶಹಾಪುರದವರೆಗೆ ಟಂಟಂನಲ್ಲಿ ಓಡಾಡಿತು. ಓಡಾಡಲಿ ಬಿಡಿ. ನನಗೆ ಆ ದಿನಗಳಲ್ಲಿ ನೆನಪಾಗುತ್ತಿದ್ದವಳು ಶಹಾಪುರದ ಆ ಹುಡುಗಿ. ತಲೆ ಎತ್ತಿ, ಅತ್ತೆಯ ಮುಖವನ್ನೇ ನೋಡಿ “ಬರ್ತೀನ್ರಿ” ಅಂದವಳು. ಅವಳಿಗೆ ಶರಮ್ ಇಲ್ಲ ಎಂದು ತಲೆ ಆಡಿಸಿದ ದಡ್ಡರಲ್ಲಿ ನಾನೂ ಒಬ್ಬಳು. ನಮ್ಮೆಲ್ಲರಿಗಿಂತ ಮೊದಲು ಅವಳಿಗೆ ಈ ದಾರಿ ಗೊತ್ತಿತ್ತೋ ಏನೋ, ಈಗ ಕೇಳಲು ಯಾರ ಮನೆಯಲ್ಲಿದ್ದಾಳೋ ತಿಳಿಯದು.

ಪ್ರೊಫೆಸರಮ್ಮ ಇನ್ನೊಂದು ವ್ಯಾನು ಹೊರಡಿಸಿದರು. “ಈ ಸಲ ನೀನು...” ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಹ್ಞೂಂ ಅಂದೆ. ಸಮುದ್ರದಂಚಿನ ಆ ನೆಲ ನಮ್ಮ ಸವಳಿನ ಹೊಲದ ಹಾಗೇ ಬೆಳ್ಳಗಿತ್ತು.

ಅವ್ವ ಫೋನ್ ಮಾಡಿದ್ದು ಅದಾದ ಮೇಲೆ. ಅಪ್ಪ ಯಾದಗಿರಿಗೆ ಹೋಗಿದ್ದ ಹೊತ್ತು. ಅವ್ವ ತಾನಾಗಿ ಫೋನ್ ಮಾಡುವವಳೇ ಅಲ್ಲ, ಯಾರಾದರೂ ಹಚ್ಚಿಕೊಟ್ಟರೆ ಮಾತಾಡುವವಳು. ಆ ದಿನ ತಾನೇ ಹಚ್ಚಿದ್ದಳು. ಹಿಂದೆ ಯಾರ ದನಿಯೂ ಇರಲಿಲ್ಲ.

“ಹ್ಞೂಂ ಅಂತ ಯಾಕಂದಿ?” ಎಂದು ಕೇಳಿದಳು. ಬೈಯುವ ದನಿಯಲ್ಲ.

“ಬ್ಯಾಡ ಅಂದ್ರ ಯಾರ್ ಕೇಳ್ತಾರ ಅವ್ವಾ?”

ಅವ್ವ ನಗುತ್ತಿದ್ದಳೋ, ಮೂಗು ಒರೆಸಿಕೊಳ್ಳುತ್ತಿದ್ದಳೋ, ಸಣ್ಣ ಸದ್ದು ಕೇಳುತ್ತಿತ್ತು.

“ನಾನೂ ಖರೇನ ಬ್ಯಾಡಂದಿದ್ನೆವಾ” ಅಂದಳು. “ಎಲ್ಲಾರೂ ನಕ್ರು. ಹ್ಞೂಂ ಅನ್ನೂ ಬುದ್ಧಿ ನಂಗ ಹೊಳೀಲಿಲ್ಲ ನೋಡು.”

ನಾನು ಏನಾದರೂ ಹೇಳುವ ಮುಂಚೆಯೇ, ನಿಮ್ಮಪ್ಪನ ಬಸ್ಸು ಬರುವ ಹೊತ್ತಾಯಿತು, ಚಹಾಕ್ಕಿಡಬೇಕು ಎಂದು ಫೋನ್ ಇಟ್ಟಳು.